ಹೊಳಿ ಹೊಳ್ಳೈತಿ

ಹೊಳಿಯವ್ವ ಹುಟ್ಟಿದ್ದು ಹೊಳೆಯ ದಂಡೆಯ ಮೇಲೆ. ಕರ್ಜಗಿಯಲ್ಲಿ ಅವಳ ತಾಯಿ ತುಂಬು ಬಸುರಿ, ಅರಿವೆ ಒಗೆಯಲು ವರದಾ ಹೊಳೆಗೆ ಹೋದವಳು ಅಲ್ಲಿಯೇ ಹಡೆದು, ಕೂಸನ್ನು ಒಗೆದ ಸೀರೆಯಲ್ಲಿ ಸುತ್ತಿಕೊಂಡು ಮನೆಗೆ ಬಂದಳಂತೆ. ಬರುವ ಮೊದಲು ಉಳಿದ ಅರಿವೆಗಳನ್ನೂ ಒಗೆದು ಮುಗಿಸಿದಳು ಎಂದು ಹೊಳಿಯವ್ವ ಸೇರಿಸುತ್ತಿದ್ದಳು. ಇದು ಖರೆಯೋ ಸುಳ್ಳೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೊಳಿಯವ್ವ ಒಂದು ಮಾತು ಆಡಿದಳೆಂದರೆ ಅದರ ಮೇಲೆ ಹಾವೇರಿಯ ಕೋರ್ಟಿನಲ್ಲೂ ಅಪೀಲು ಇಲ್ಲ ಎಂದು ಊರವರು ನಗುತ್ತಿದ್ದರು, ಅದೂ ಅವಳು ಎದುರಿಗಿಲ್ಲದಾಗ.

ಅವಳನ್ನು ಕೊಟ್ಟದ್ದು ಅದೇ ಹೊಳೆಯ ಕೆಳಗಿನ ಊರಿಗೆ. ಗುತ್ತಲದಿಂದ ಹೊರಟ ಬಸ್ಸು ಇನ್ನು ಮುಂದೆ ದಾರಿಯಿಲ್ಲವೆಂದು ಮೂತಿ ತಿರುಗಿಸಿ ನಿಲ್ಲುವ ಊರು. ಅಲ್ಲಿಂದ ಸ್ವಲ್ಪ ಕೆಳಗೆ ವರದೆ ತುಂಗಭದ್ರೆಯನ್ನು ಸೇರುತ್ತದೆ. ಊರಿನ ಮನೆಗಳೆಲ್ಲ ಈ ದಂಡೆಯಲ್ಲಿ, ಹೊಲಗಳಲ್ಲಿ ಅರ್ಧ ಆ ದಂಡೆಯಲ್ಲಿ. ಸೇತುವೆ ಬಂತು ಬಂತು ಎಂದು ಪ್ರತಿ ಚುನಾವಣೆಯಲ್ಲೂ ಸುದ್ದಿ. ಅದು ಬರುವವರೆಗೆ ಅಂಬಿಗರ ಶೇಖಪ್ಪನ ಹರಿಗೋಲೇ ಸೇತುವೆ. ಶೇಖಪ್ಪ ಹೊಳಿಯವ್ವನ ಗಂಡ. ಮಾತು ಕಡಿಮೆ; ಹೆಂಡತಿ ಇದ್ದ ಮನೆಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಬಿದಿರಿನ ಬುಟ್ಟಿಗೆ ಗೊಬ್ಬರದ ಚೀಲ ಹೊದಿಸಿ ಡಾಂಬರು ಬಳಿದ ಆ ದುಂಡನೆಯ ಹರಿಗೋಲಿನಲ್ಲಿ ಅವನು ಕಳೆ ತೆಗೆಯುವ ಹೆಂಗಸರನ್ನು, ಬೀಜದ ಚೀಲಗಳನ್ನು, ಆಡುಗಳನ್ನು, ಮದುಮಕ್ಕಳನ್ನು ದಾಟಿಸುತ್ತಿದ್ದ. ಒಂದು ಮಳೆಗಾಲ ಜ್ವರ ಬಂದದ್ದೇ ನೆಪವಾಗಿ ಹೋಗಿಬಿಟ್ಟ. ಮಗ ಸಿದ್ದೇಶ ಆಗಿನ್ನೂ ಚಡ್ಡಿಯಲ್ಲಿದ್ದ.

ಗಂಡನ ದಿನಕರ್ಮಗಳು ಮುಗಿದ ಮರುದಿನ ಹೊಳಿಯವ್ವ ಗಳ ಹಿಡಿದು ಹರಿಗೋಲಿನಲ್ಲಿ ನಿಂತಳು. ಗಳವೆಂದರೆ ಹೊಳೆಯ ತಳಕ್ಕೆ ಊರಿ ಹರಿಗೋಲನ್ನು ದೂಡುವ ಉದ್ದನೆಯ ಬಿದಿರು. ಹೆಂಗಸು ಗಳ ಹಿಡಿದರೆ ಗಂಗವ್ವ ಸಿಟ್ಟಾಗುತ್ತಾಳೆಂದು ದಂಡೆಯಲ್ಲಿದ್ದವರು ಗೊಣಗಿದರು.

“ಗಂಗವ್ವನೂ ಹೆಂಗಸ ಅದಾಳಲ್ರೀ,” ಎಂದಳು ಹೊಳಿಯವ್ವ. “ಅಕಿ ಸಿಟ್ಟು ನಾ ನೋಡ್ಕೋತೀನಿ. ನೀವು ಲಗೂ ಹತ್ರಿ, ಹೊತ್ತಾಗೈತಿ.”

ಹತ್ತಿದರು. ಹೊಲಕ್ಕೆ ಹೋಗಬೇಕಲ್ಲ.

ಹೊಳೆಯ ಮೇಲಿನ ನೀರಿಗಿಂತ ತಳದ ಉಸುಕಿನ ಸಂಗಡ ಅವಳಿಗೆ ಬಳಕೆ ಜಾಸ್ತಿ. ವರದೆಯ ತಳ ಸಪಾಟಲ್ಲ, ಅಲ್ಲಿ ಉಸುಕು ಸಾಲು ಸಾಲು ದಿಣ್ಣೆಗಳಾಗಿ ಕೂತಿರುತ್ತದೆ. ಹೊಳಿಯವ್ವನ ಪ್ರಕಾರ ಪ್ರತಿ ದಿಣ್ಣೆಗೂ ಒಂದು ಬೆನ್ನು, ಒಂದು ಬಾಯಿ. ನೀರು ಬರುವ ಕಡೆಗೆ ಬೆನ್ನು. ಅದು ನಿಧಾನಕ್ಕೆ ಏರುತ್ತದೆ, ಗಟ್ಟಿಯಾಗಿರುತ್ತದೆ, ಅಲ್ಲಿ ಗಳ ಊರಿದರೆ ಕಲ್ಲಿಗೆ ಊರಿದ ಹಾಗೆ. ನೀರು ಹೋಗುವ ಕಡೆಗೆ ಬಾಯಿ. ನೆತ್ತಿ ದಾಟಿದ ಕೂಡಲೇ ದಡಕ್ಕನೆ ಇಳಿದುಬಿಡುತ್ತದೆ; ಅಲ್ಲಿರುವುದು ಆಗಷ್ಟೇ ಜಾರಿ ಬಿದ್ದ ಸಡಿಲ ಉಸುಕು, ಊರಿದ್ದನ್ನೆಲ್ಲ ನುಂಗುತ್ತದೆ. ನೀರು ಬೆನ್ನಿನ ಮೇಲಿನ ಉಸುಕನ್ನು ದೂಡಿಕೊಂಡು ಹೋಗಿ ಬಾಯಿಯೊಳಗೆ ಸುರಿಯುತ್ತ ಇರುತ್ತದೆ. ಹಿಂದೆ ಸವೆಯುತ್ತ ಮುಂದೆ ಬೆಳೆಯುತ್ತ ಇಡೀ ದಿಣ್ಣೆಯೇ ಮೆಲ್ಲಗೆ ಸಂಗಮದ ಕಡೆ ನಡೆಯುತ್ತದೆ. ಬೆನ್ನು ಹಿಡಿದು ದಾಟಬೇಕು, ಬಾಯಿಯಲ್ಲಿ ಗಳ ಊರಬಾರದು. ಹರಿಗೋಲಿನ ಶಾಸ್ತ್ರವೆಲ್ಲ ಇಷ್ಟೇ ಎಂದು ಅವಳು ಹೇಳುತ್ತಿದ್ದಳು. ಹೇಳುವುದಕ್ಕೆ ಇಷ್ಟೇ, ಕೈಗೆ ಬರುವುದಕ್ಕೆ ಅರ್ಧ ಆಯುಷ್ಯ ಬೇಕು.

ಹೊಳೆಯ ನಡುವೆ ಉದ್ದಕ್ಕೆ ಮಲಗಿದ ದೊಡ್ಡ ದಿಣ್ಣೆಗೆ ಎಮ್ಮಿದಿಣ್ಣಿ ಎಂದು ಹೆಸರು. ಬೇಸಿಗೆಯಲ್ಲಿ ಎಮ್ಮೆಯ ಹಾಗೆ ಬೆನ್ನಷ್ಟೇ ಹೊರಗೆ ಹಾಕಿಕೊಂಡಿರುತ್ತದೆ, ಮಳೆಗಾಲದಲ್ಲಿ ಪೂರಾ ಮುಳುಗುತ್ತದೆ. ಅದರ ಆಚೆಗೊಂದು ಹರಿವು, ಈಚೆಗೊಂದು ಹರಿವು. ಆ ದಿಣ್ಣೆ ಉಬ್ಬಿದ ವರ್ಷ ಹೊಳೆ ತಡವರಿಸಿಕೊಂಡು ಹರಿಯುತ್ತದೆ, ಇದ್ದಷ್ಟೇ ನೀರು ದಂಡೆಯ ಮೇಲೆ ಒಂದು ಮೆಟ್ಟಿಲು ಜಾಸ್ತಿ ಹತ್ತುತ್ತದೆ. ಇದನ್ನೆಲ್ಲ ಬಲ್ಲ ಹೊಳಿಯವ್ವ ಇಷ್ಟು ವರ್ಷದಲ್ಲಿ ಒಂದು ಆಡನ್ನೂ ಹೊಳೆಗೆ ಕೊಟ್ಟವಳಲ್ಲ.

ಆದರೆ ಭುಜ ಕೈಕೊಟ್ಟಿತು. ಎರಡು ಸಾವಿರದ ಆರನೆಯ ಇಸವಿಯ ಹೊತ್ತಿಗೆ ಅವಳ ಬಲಗೈ ತಲೆಯ ಮೇಲಕ್ಕೆ ಏಳುತ್ತಿರಲಿಲ್ಲ. ಎಣ್ಣೆ ಹಚ್ಚಿ ನೀವಿದರೂ ಏಳಲಿಲ್ಲ, ಬೈದರೂ ಏಳಲಿಲ್ಲ. ಆ ಮಳೆಗಾಲದ ಮೊದಲಿಗೆ ಊರಿನ ಗೌಡ, ಹಿರಿಯ ಪ್ರಭುಲಿಂಗಪ್ಪ ಅವಳ ಮನೆಯ ಕಟ್ಟೆಗೆ ಬಂದು ಕೂತ. ಅವನ ಹೊಲವೂ ಆ ದಂಡೆಯಲ್ಲಿತ್ತು.

“ಹೊಳಿಯವ್ವಾ, ಬ್ಯಾಸರಾ ಮಾಡ್ಕೋಬ್ಯಾಡ,” ಎಂದ. “ಈ ಮನ್ಯಾಗ ಗಳಾ ಹಿಡಿಯೋರು ಇರೂ ತನಕ ಹರಗೋಲಿನ ಕಡವು ಈ ಮನೀದು. ಅದು ಊರಿನ ಪದ್ಧತಿ. ಆದ್ರ ನಿನ್ನ ಕೈ ನೋಡಿದ್ರ ನಮಗೂ ಅಂಜಿಕಿ ಬರತೈತಿ. ಸಿದ್ದೇಶ ಬರ್ತಾನಂದ್ರ ಸರಿ. ಇಲ್ಲಂದ್ರ ದೀಪಾವಳಿಗೆ ಬ್ಯಾರೆ ಮನಿ ನೋಡಬೇಕಾಕೈತಿ.”

ಸಿದ್ದೇಶ ಬರುವ ಹಾಗಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಲಾರಿ ಓಡಿಸುತ್ತಿದ್ದ. ಸ್ಟೇರಿಂಗು ಹಿಡಿದ ಕೈಗೆ ಗಳ ಒಗ್ಗುವುದಿಲ್ಲ ಎಂದು ತಾಯಿಗೆ ಮುಖಕ್ಕೇ ಹೇಳಿದ್ದ. ಊರಲ್ಲಿ ಹಾಗೆ ಹೇಳಬಲ್ಲವನು ಅವನೊಬ್ಬನೇ.

“ಮನ್ಯಾಗ ಬ್ಯಾರೆ ಯಾರರೆ ಅದಾರನು?” ಪ್ರಭುಲಿಂಗಪ್ಪ ಕೇಳಿದ.

“ಯಾರದಾರ? ನಾ ಒಬ್ಬಾಕೀನ,” ಎಂದಳು ಹೊಳಿಯವ್ವ.

ಹಾಗೆ ಹೇಳುವಾಗ ಸೊಸೆ ನಿರ್ಮಲಾ ಚಹಾದ ಕಪ್ಪು ಹಿಡಿದುಕೊಂಡು ಬಾಗಿಲಲ್ಲಿಯೇ ನಿಂತಿದ್ದಳು. ಕಪ್ಪು ಇಟ್ಟಳು, ಒಳಗೆ ಹೋದಳು.

ನಿರ್ಮಲಾ ಘಟ್ಟದ ಕೆಳಗಿನವಳು. ಸಿದ್ದೇಶ ಮೆಣಸಿನಕಾಯಿ ತುಂಬಿಕೊಂಡು ಅಂಕೋಲೆಯ ಕಡೆ ಹೋದಾಗಲೆಲ್ಲ ಅಲ್ಲಿಯ ಅಂಬಿಗರ ಮನೆಯೊಂದರಲ್ಲಿ ಊಟಕ್ಕೆ ನಿಲ್ಲುತ್ತಿದ್ದ. ಊಟ ಯಾವಾಗ ನೆಪವಾಯಿತೋ ಗೊತ್ತಿಲ್ಲ, ಮೀನು ತಿನ್ನದವನು ಮೀನು ತಿನ್ನತೊಡಗಿದಾಗಲೇ ಜತೆಗಿದ್ದ ಕ್ಲೀನರ್‌ಗೆ ಅನುಮಾನ ಬಂದಿತ್ತು. ಅವರೂ ನೀರನ್ನು ನಂಬಿದ ಜನ, ಇವರೂ ನೀರನ್ನು ನಂಬಿದ ಜನ. ಮದುವೆಗೆ ಹೊಳಿಯವ್ವ ಬೇಡ ಎನ್ನಲಿಲ್ಲ. ಮನೆಗೆ ಬಂದ ಸೊಸೆ ಕೆಲಸದಲ್ಲಿ ಚುರುಕು, ಈಜಿನಲ್ಲಂತೂ ಮೀನು. ಆದರೂ ಅವಳು ಹರಿಗೋಲಿನ ಗಳ ಮುಟ್ಟಲು ಬಂದರೆ ಹೊಳಿಯವ್ವ ಕಣ್ಣು ಬಿಡುತ್ತಿದ್ದಳು. “ನೀ ಉಪ್ಪುನೀರಿನಾಕಿ. ಇದು ಸಿಹಿನೀರು, ಇದರ ಗುಣಾನ ಬ್ಯಾರೆ,” ಎನ್ನುತ್ತಿದ್ದಳು.

ನಿರ್ಮಲಾಳ ತವರು ಅಳಿವೆಯ ಬಾಯಲ್ಲಿತ್ತು. ಹೊಳೆ ಸಮುದ್ರಕ್ಕೆ ಸೇರುವ ಜಾಗಕ್ಕೆ ಅವರು ಅಳಿವೆ ಎನ್ನುತ್ತಾರೆ. ಹಿಂದಿನ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅತ್ತೆ ಸೊಸೆ ಮೊಣಕಾಲುದ್ದ ನೀರಿನಲ್ಲಿ ನಡೆದು ಬರುತ್ತಿದ್ದಾಗ ನಿರ್ಮಲಾ ಎಮ್ಮಿದಿಣ್ಣಿಯ ಬದಿಯಲ್ಲಿ ನಿಂತು ಪಾದದಿಂದ ಉಸುಕು ಸವರಿ ನೋಡಿದಳು.

“ಅತ್ತೆ, ಈ ಹೊಳೆ ಯಾವಾಗಾದ್ರೂ ಹಿಂದೆ ಬರೂದುಂಟಾ?”

“ಹಿಂದಂದ್ರ?”

“ನಮ್ಮಲ್ಲಿ ದಿವಸಕ್ಕೆ ಎರಡು ಸಲ ಬರೂದು. ಭರತ ಬಂದ್ರೆ ಸಮುದ್ರದ ನೀರು ಹೊಳೆಯೊಳಗೆ ಹತ್ತೂದು, ಇಳಿತಕ್ಕೆ ಹೊರಗೆ ಹೋಗೂದು. ದಿಣ್ಣೆ ಮೇಲಿನ ಸಣ್ಣ ಸುಕ್ಕು ಇದ್ಯಲ್ಲ, ಅದು ನೀರು ತಿರುಗಿದ ಹಾಗೆ ತಿರುಗ್ತದೆ. ದೊಡ್ಡ ದಿಣ್ಣೆ ತಿರುಗೂದಿಲ್ಲ. ಯಾವ ನೀರಿಗೆ ಬಲ ಜಾಸ್ತಿಯೋ ಅದು ಹೋಗೂ ಬದಿಗೇ ಅದರ ಬಾಯಿ. ಈಗ ಯಾವ ನೀರು ಅಂತ ಕೇಳೂಕೆ ಸುಕ್ಕು ಮುಟ್ಟಬೇಕು, ಯಾವ ನೀರಿನ ರಾಜ್ಯ ಅಂತ ಕೇಳೂಕೆ ದಿಣ್ಣೆ ನೋಡಬೇಕು ಅಂತ ನಮ್ಮಪ್ಪ ಹೇಳೂದು.”

ಅವಳಿಗೆ ಉತ್ಸಾಹ ಬಂತು. ತನ್ನೂರಿನ ಹೊಳೆಯ ನಡುವೆಯೂ ಇಂಥದೇ ಒಂದು ಉದ್ದನೆಯ ದಿಣ್ಣೆ ಇದೆಯೆಂದಳು. ಭರತದ ನೀರು ಅದರ ಒಂದು ಮಗ್ಗುಲಿನಿಂದ ಮೇಲೆ ಹತ್ತುತ್ತದೆ, ಇಳಿತದ ನೀರು ಇನ್ನೊಂದು ಮಗ್ಗುಲಿನಿಂದ ಕೆಳಗೆ ಹೋಗುತ್ತದೆ. ಉಸುಕೂ ಹಾಗೆಯೇ ಈ ಬದಿಯಿಂದ ಹತ್ತಿ ಆ ಬದಿಯಿಂದ ಇಳಿದು ದಿಣ್ಣೆಯನ್ನು ಸುತ್ತುತ್ತಲೇ ಇರುತ್ತದೆ, ಅದಕ್ಕೇ ದಿಣ್ಣೆ ಇದ್ದಲ್ಲೇ ಇರುತ್ತದೆ ಎಂದು ಕೈಯಲ್ಲಿ ಗಾಳಿಯ ಮೇಲೆ ಬರೆದು ತೋರಿಸಿದಳು. ಹೊಳಿಯವ್ವನ ಕಿವಿಯಲ್ಲಿ ಉಳಿದದ್ದು ಒಂದೇ ಶಬ್ದ.

“ಯಾವ ಭರತಪ್ಪನಬೇ ಅಂವ? ನಿಮ್ಮೂರಾಗ ಭರತಪ್ಪ ಬಂದ್ರ ಹೊಳಿ ಎದ್ದು ನಿಂತು ದಾರಿ ಬಿಡತೈತೇನು?”

ಆ ಮಾತು ಅವಳ ಬಾಯಿಂದ ಕಳೆ ತೆಗೆಯುವ ಹೆಂಗಸರ ಗುಂಪಿಗೆ ಹೋಯಿತು, ಅಲ್ಲಿಂದ ಊರಿಗೆ. ಬಸ್ಸು ತಡವಾದರೆ ಭರತಪ್ಪ ತಡೆದಿದ್ದಾನೆ ಎಂದರು. ಕರೆಂಟು ಹೋದರೆ ಭರತಪ್ಪ ಒಯ್ದ ಎಂದರು. ನಿರ್ಮಲಾ ‘ಹೋಗೂಕೆ’, ‘ಬರೂಕೆ’ ಎಂದರೆ ನಕ್ಕರು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ತನ್ನ ಊರಿನ ಮಾತನ್ನು ಮಡಿಚಿಟ್ಟು ಈ ಊರಿನ ಮಾತನ್ನು ಕಲಿಯತೊಡಗಿದಳು. ವರ್ಷ ತುಂಬುವುದರೊಳಗೆ ಐತಿ, ಅದಾವ, ಹೊಳ್ಳಿ ಬಾ, ಹೊಳ್ಳಿ ನೋಡು ಎಲ್ಲ ಅವಳ ನಾಲಿಗೆಯ ಮೇಲೆ ಓಡಾಡಿದವು. ಹೊಳ್ಳುವುದೆಂದರೆ ತಿರುಗುವುದು. ಸೊಸೆ ಈಗ ನಮ್ಮವಳ ಹಾಗೆ ಮಾತಾಡುತ್ತಾಳೆಂದು ಹೊಳಿಯವ್ವ ಹೆಮ್ಮೆಯಿಂದ ಹೇಳಿಕೊಂಡಳು.

ಆ ವರ್ಷ ಶ್ರಾವಣದಲ್ಲಿ ವರದೆಯ ಕಡೆ ಮಳೆ ಅಷ್ಟಕ್ಕಷ್ಟೇ. ಹೊಳೆಯಲ್ಲಿ ಹರಿಗೋಲು ತೇಲುವಷ್ಟು ನೀರಿತ್ತು, ಬೆದರಿಸುವಷ್ಟು ಇರಲಿಲ್ಲ. ಒಂದು ಬೆಳಿಗ್ಗೆ ಹೊಳಿಯವ್ವ ಗುಡ್ಡವ್ವನ ಗುಂಪಿನ ಹೆಂಗಸರನ್ನು ಕಳೆ ತೆಗೆಯಲು ಆ ದಂಡೆಗೆ ದಾಟಿಸಿದಳು. ಗುಡ್ಡವ್ವನೆಂದರೆ ಆ ಗುಂಪಿನ ಮುಖಂಡಳು, ಗಂಟಲಿನಲ್ಲಿ ಹೊಳಿಯವ್ವನಿಗೆ ಸರಿಜೋಡಿ. ಮಧ್ಯಾಹ್ನ ಮೇಲಿನ ಹಳ್ಳಗಳ ಕಡೆ ಒಂದು ಮಳೆ ಬಿತ್ತು. ಕೆಂಪು ನೀರು ದಬದಬನೆ ಬಂದು ಹೊಳೆ ಏರಿತು. ಇದು ಹಳ್ಳದ ನೀರು, ನಿಲ್ಲುವುದಿಲ್ಲ ಎಂದು ಹೊಳಿಯವ್ವ ಹೆಂಗಸರನ್ನು ಆ ದಂಡೆಯಲ್ಲಿಯೇ ಕೂರಿಸಿಕೊಂಡು ಕಾದಳು. ಅವಳು ಹೇಳಿದ ಹಾಗೆಯೇ ಆಯಿತು. ಸಂಜೆ ಹತ್ತಿರವಾಗುತ್ತಿದ್ದಂತೆ ನೀರು ಇಳಿಯತೊಡಗಿತು.

ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ಸಂಗಮದಲ್ಲಿ ನಡೆಯುತ್ತಿತ್ತು. ದೂರದ ಮಲೆನಾಡಿನಲ್ಲಿ ಸುರಿದ ಮಳೆಯ ನೀರೆಲ್ಲ ಒಟ್ಟಾಗಿ ತುಂಗಭದ್ರೆ ಒಮ್ಮೆಲೇ ಉಬ್ಬಿ ಬಂದಿತ್ತು. ಬೇರೆ ವರ್ಷಗಳಲ್ಲಿ ಎರಡೂ ಹೊಳೆ ಒಟ್ಟಿಗೆ ತುಂಬುತ್ತಿದ್ದವು. ಆಗ ವರದೆ ಮುಂದೆ ಹೋಗಲಾರದೆ ನಿಲ್ಲುತ್ತಿತ್ತು, ಅಷ್ಟೇ. ಈ ಸಲ ವರದೆಗೆ ಎದುರು ನಿಲ್ಲುವ ಕಸುವಿರಲಿಲ್ಲ. ತುಂಗಭದ್ರೆಯ ನೀರು ವರದೆಯ ಬಾಯಿಯೊಳಗೇ ನುಗ್ಗಿ ಮೇಲಕ್ಕೆ ಹತ್ತಿತು.

ಊರಿನ ದಂಡೆಯಲ್ಲಿ ಕೊಡ ತುಂಬಲು ಇಳಿದಿದ್ದ ನಿರ್ಮಲಾಳಿಗೆ ಅದು ಮೊದಲು ಕಾಲಿಗೆ ತಿಳಿಯಿತು. ದಂಡೆಯಂಚಿನ ನೀರು ಹಿಂದೆ ಮುಂದೆ ತುಯ್ದಾಡಿ, ಉಸುಕಿನ ಸುಕ್ಕುಗಳು ಪಾದದಡಿಯಲ್ಲಿ ಚೂಪು ಬದಿ ಬದಲಿಸುತ್ತಿದ್ದವು. ತಲೆಯೆತ್ತಿದಳು. ಎಮ್ಮಿದಿಣ್ಣಿಯ ಆಚೆ ನೊರೆ ಮೇಲಕ್ಕೆ ಹೋಗುತ್ತಿತ್ತು, ಈಚೆ ಕೆಳಕ್ಕೆ ಬರುತ್ತಿತ್ತು. ಇದು ಅವಳು ಹುಟ್ಟಿದಾಗಿನಿಂದ ನೋಡಿದ ಆಟ. ಆ ದಂಡೆಯಲ್ಲಿ ಅತ್ತೆ ಹರಿಗೋಲು ಬಿಚ್ಚುತ್ತಿದ್ದಳು. ಬರಬೇಡಿ ಎಂದು ನಿರ್ಮಲಾ ಎರಡೂ ಕೈ ಬೀಸಿದಳು. ಭರತ ಎಂಬ ಶಬ್ದ ಬಾಯಿಗೆ ಬಂತು, ಹೆಂಗಸರ ನಗುವೂ ನೆನಪಿಗೆ ಬಂತು. ಅತ್ತೆಗೆ ತಿಳಿಯುವ ಮಾತಿನಲ್ಲಿಯೇ ಕೂಗಿದಳು.

“ಅತ್ತೀ! ಹೊಳಿ ಹೊಳ್ಳೈತ್ರೀ! ಹೊಳಿ ಹೊಳ್ಳೈತಿ!”

ಆ ಊರಿನಲ್ಲಿ ಹೊಳೆ ಹೊಳ್ಳುವುದಕ್ಕೆ ಒಂದೇ ಅರ್ಥ. ಬಂದ ಪ್ರವಾಹ ಮರಳಿ ಹೋಯಿತು, ಇಳಿಯಿತು, ಇನ್ನು ಹೆದರಿಕೆಯಿಲ್ಲ, ದಾಟಿ ಎಂದು. ಅಜ್ಜ ಮುತ್ತಜ್ಜರ ಕಾಲದಿಂದ ಆ ಕೂಗು ಕೇಳಿದ ಮೇಲೆಯೇ ಹರಿಗೋಲು ಬಿಡುವುದು. ಹೊಳಿಯವ್ವನಿಗೆ ಕೂಗು ಕೇಳಿತು, ಕೈಬೀಸು ಕಂಡಿತು, ಕಣ್ಣೆದುರಿನ ನೀರೂ ಇಳಿದಿತ್ತು. ಅವಳು ನಿಂತ ಆ ದಂಡೆಯ ಮಡುವಿನಲ್ಲಿ ನೀರು ಯಾವಾಗಲೂ ಸುತ್ತು ಹೊಡೆದು ಹಿಂದಕ್ಕೆ ತಿರುಗುತ್ತಲೇ ಇರುವುದರಿಂದ ಅಲ್ಲಿ ಏನೂ ಹೊಸದು ಕಾಣಲಿಲ್ಲ.

“ಕೇಳಿದ್ರಿಲ್ಲೋ? ಹೊಳ್ಳೈತಂತ. ಹತ್ರವಾ,” ಎಂದಳು.

ಮಡು ದಾಟಿ ನಡುಹರಿವಿಗೆ ಬಂದದ್ದೇ ಹರಿಗೋಲು ಬಲಕ್ಕೆ ಹೋಗಬೇಕಾದದ್ದು ಎಡಕ್ಕೆ ಹೋಯಿತು. ಹೊಳಿಯವ್ವನಿಗೆ ಒಂದು ಗಳಿಗೆ ದಿಕ್ಕೇ ತಪ್ಪಿತು. ತನಗೇ ತಲೆ ತಿರುಗಿತೇನೋ ಎಂದುಕೊಂಡಳು. ತಡೆಯಲೆಂದು ಮೈಯ ಭಾರವೆಲ್ಲ ಹಾಕಿ ಮುಂದಕ್ಕೆ ಗಳ ಊರಿದಳು. ಬೆನ್ನು ಸಿಗಬೇಕಾದಲ್ಲಿ ಬಾಯಿ ಸಿಕ್ಕಿತು. ಕೆಳಗಿನಿಂದ ಮೇಲಕ್ಕೆ ಹೋಗುವವರಿಗೆ ದಿಣ್ಣೆ ಮೊದಲು ತೋರಿಸುವುದು ಬಾಯಿಯನ್ನೇ. ಸಡಿಲ ಉಸುಕು ಗಳವನ್ನು ಕಚ್ಚಿ ಹಿಡಿಯಿತು. ನೋಯುವ ಭುಜದಿಂದ ಕೀಳಲಾಗಲಿಲ್ಲ, ಹರಿಗೋಲು ನಿಲ್ಲಲಿಲ್ಲ. ಗಳ ನಡುಹೊಳೆಯಲ್ಲಿ ನೆಟ್ಟಗೆ ನಿಂತು ಹಿಂದೆ ಉಳಿಯಿತು.

ಹೆಂಗಸರು ಒಟ್ಟಿಗೆ ಚೀರಿದರು. ಹರಿಗೋಲಿನಲ್ಲಿ ಉಳಿದದ್ದು ಒಂದು ಗಿಡ್ಡ ಹುಟ್ಟು. ಮೇಲಿನ ತಿರುವಿನಲ್ಲಿ ಜಾಲಿಮರಗಳು ನೀರಿನೊಳಗೆ ಮುಳ್ಳು ಚಾಚಿಕೊಂಡು ನಿಂತಿದ್ದವು. ಚೀಲ ಹೊದಿಸಿದ ಹರಿಗೋಲಿಗೆ ಒಂದು ಮುಳ್ಳು ಸಾಕು. ಹೊಳಿಯವ್ವ ಹುಟ್ಟು ತೆಗೆದುಕೊಂಡು ಪ್ರವಾಹಕ್ಕೆ ಎದುರಾಗಿ ಕೆಳಕ್ಕೆ ಎಳೆಯತೊಡಗಿದಳು. ಕೆಳಕ್ಕೆ ಹೋಗುವುದಕ್ಕೆ ಹೊಳೆಯ ಸಂಗಡ ಗುದ್ದಾಡಬೇಕಾದದ್ದು ಅವಳ ಜೀವನದಲ್ಲಿ ಅದೇ ಮೊದಲು. ಹರಿಗೋಲು ಬುಗುರಿಯಾಯಿತು.

ದಂಡೆಯಲ್ಲಿ ನಿರ್ಮಲಾ ಕೊಡ ಬಿಸಾಕಿ, ಸೀರೆ ಕಚ್ಚೆ ಹಾಕಿ, ಹರಿಗೋಲಿಗೆ ಸರಿಯಾಗಿ ಮೇಲ್ಮುಖವಾಗಿ ಓಡುತ್ತಿದ್ದಳು. ಕಲಿತ ಮಾತೆಲ್ಲ ಈಗ ಉದುರಿಹೋಗಿತ್ತು.

“ಅತ್ತೆ! ಭರತ! ಭರತ ಬಂದದೆ! ಹೊಡೆದಾಡೂಕೆ ಹೋಗಬೇಡಿ!”

ಭರತ. ಹೊಳಿಯವ್ವನಿಗೆ ಸಿಡಿಲು ಬಡಿದ ಹಾಗಾಯಿತು. ಊರನ್ನೆಲ್ಲ ನಗಿಸಿದ ಆ ಶಬ್ದದ ಅರ್ಥ ಕಾಲ ಕೆಳಗೇ ಹರಿಯುತ್ತಿತ್ತು. ಹೊಳೆ ಇಳಿದಿಲ್ಲ, ತಿರುಗಿದೆ. ಸೊಸೆ ಕೂಗಿದ್ದು ಅದನ್ನೇ. ಹುಟ್ಟನ್ನು ಮೇಲೆತ್ತಿ ಸುಮ್ಮನೆ ನಿಂತಳು.

“ಹೋಗೂಕೆ ಬಿಡಿ! ದಿಣ್ಣೆ ತಲೆ ತನಕ ಅದೇ ಒಯ್ತದೆ! ಅಲ್ಲಿ ಎರಡು ನೀರೂ ಕೂಡೂದು, ಜೋರಿರೂದಿಲ್ಲ! ಅಲ್ಲಿ ದಾಟಿ! ಈ ಬದಿ ಬಂದ್ರೆ ನಮ್ಮ ಹೊಳೆಯೇ ಕೆಳಗೆ ತರ್ತದೆ!”

“ಏನಂತಾಳಬೇ ಅಕಿ? ಹೋಗಾಕ ಬಿಡು ಅಂತಾಳಲ್ಲ! ಕೊಲ್ಲತಾಳೇನು ನಮ್ಮನ್ನ?” ಗುಡ್ಡವ್ವ ಅರಚಿದಳು.

“ಬಾಯಿ ಮುಚ್ಚು,” ಎಂದಳು ಹೊಳಿಯವ್ವ. “ಅಕಿ ಹೇಳೂ ತನಕ ಯಾರೂ ಮಿಸುಕಬ್ಯಾಡ್ರಿ.”

ಅವಳಿಗೆ ಅಂಜಿಕೆಯಾಗಿತ್ತು. ಹಿಂದೆ ಒಂದು ಸಲವೂ ಇನ್ನೊಬ್ಬರ ಬಾಯಿ ನೋಡಿಕೊಂಡು ಅವಳು ಹೊಳೆಯಲ್ಲಿ ನಿಂತಿರಲಿಲ್ಲ. ಎಮ್ಮಿದಿಣ್ಣಿಯ ಉದ್ದಕ್ಕೂ ಹರಿಗೋಲು ಮೇಲೆ ಮೇಲೆ ಹೋಯಿತು. ಜಾಲಿಮರಗಳು ಎದ್ದು ಬಂದ ಹಾಗೆ ಹತ್ತಿರವಾದವು. ಆಮೇಲೆ ಕಾಲ ಕೆಳಗಿನ ಸೆಳೆತ ಸಡಿಲಾಯಿತು. ನೀರು ಗುಳು ಗುಳು ಎಂದು ಒಂದೇ ಕಡೆ ಉಬ್ಬುತ್ತಿತ್ತು, ಯಾವ ಕಡೆಗೂ ಹೋಗುತ್ತಿರಲಿಲ್ಲ.

“ಈಗ! ಈಗ ಹಾಕಿ!”

ಹೊಳಿಯವ್ವ ಹುಟ್ಟು ಹಾಕಿದಳು. ಹೆಂಗಸರು ಅಂಚಿಗೆ ಬಾಗಿ ಅಂಗೈಯಿಂದ ನೀರು ಎಳೆದರು. ದಿಣ್ಣೆಯ ತಲೆಯನ್ನು ಸುತ್ತಿ ಹರಿಗೋಲು ಈಚೆಯ ಹರಿವಿಗೆ ಬಿತ್ತು. ಅಲ್ಲಿ ವರದೆ ತನ್ನ ಪಾಡಿಗೆ ತಾನು ಊರಿನ ದಂಡೆಯನ್ನು ಸವರಿಕೊಂಡು ಕೆಳಗೆ ಹೋಗುತ್ತಿತ್ತು. ಮೇಲೆ ಹೋದ ಹರಿಗೋಲನ್ನು ಅದು ಮೆಲ್ಲಗೆ ಇಳಿಸಿ ತಂದು ಮೆಟ್ಟಿಲಿಗೆ ಹಚ್ಚಿತು. ಇಳಿದವರು ದಂಡೆಯ ಮಣ್ಣಿನ ಮೇಲೆ ಕೂತು ಅತ್ತರು. ಹೊಳಿಯವ್ವ ಸೊಸೆಯ ಮುಖ ನೋಡಿದಳು. ಆಮೇಲೆ ಬಗ್ಗಿ ಹರಿಗೋಲನ್ನು ಗೂಟಕ್ಕೆ ಕಟ್ಟಿದಳು.

ಅಳು ನಿಂತ ಮೇಲೆ ಊರಿಗೆ ಸಿಟ್ಟು ಬಂತು. ಮರುದಿನ ಬೆಳಿಗ್ಗೆ ತುಂಗಭದ್ರೆ ಸಮಾಧಾನವಾಗಿ, ವರದೆ ಏನೂ ಆಗಿಲ್ಲವೆಂಬ ಹಾಗೆ ಮುಂದಕ್ಕೆ ಹರಿಯುತ್ತಿತ್ತು. ದಂಡೆಯಲ್ಲಿ ಜನ ಸೇರಿದ್ದರು. ಪ್ರಭುಲಿಂಗಪ್ಪನೂ ಬಂದಿದ್ದ.

“ಹೊಳ್ಳೈತಿ ಅಂತ ಕೂಗಿದಾಕಿ ಇಕೀನ ನೋಡ್ರಿ!” ಗುಡ್ಡವ್ವ ನಿರ್ಮಲಾಳ ಕಡೆ ಬೆರಳು ಮಾಡಿದಳು. “ನಮ್ಮ ಕಿವಿಯಾರ ಕೇಳೇವಿ. ಇಕಿ ಕೂಗಿದ್ದಕ್ಕ ಪಾಪ ಹೊಳಿಯವ್ವ ಹರಗೋಲ ಬಿಟ್ಲು. ಇಲ್ಲಾಂದ್ರ ಅಕಿ ಬಿಡ್ತಿದ್ಲನು?”

“ಖರೇ ಏನವಾ ತಂಗಿ?” ಪ್ರಭುಲಿಂಗಪ್ಪ ಕೇಳಿದ. “ಹೊಳ್ಳೈತಿ ಅಂತ ಅಂದ್ಯಾ?”

“ಅಂದೆ,” ಎಂದಳು ನಿರ್ಮಲಾ.

ಜನ ಹೊಳಿಯವ್ವನ ಕಡೆ ತಿರುಗಿದರು. ಅವಳು ಮೆಟ್ಟಿಲಿನ ಮೇಲೆ ಕೂತಿದ್ದಳು, ಹೊಸ ಗಳ ತೊಡೆಯ ಮೇಲಿತ್ತು. ದನದ ಕೊಟ್ಟಿಗೆಯ ಮಾಡಿನಿಂದ ಬೆಳಗಿನ ಜಾವ ತಾನೇ ಎಳೆದು ತೆಗೆದ ಬಿದಿರು. ಸುಮ್ಮನಿದ್ದರೆ ಸಾಕಿತ್ತು. ಸೊಸೆಯ ನಾಲಿಗೆ ತಪ್ಪಿತು, ಅತ್ತೆಯ ಕೈ ತಪ್ಪಲಿಲ್ಲ ಎಂದು ಊರೇ ತೀರ್ಮಾನ ಮಾಡಿಬಿಡುತ್ತಿತ್ತು. ಕಡವು ಅವಳ ಕೈಯಲ್ಲಿ ಉಳಿಯುತ್ತಿತ್ತು, ದೀಪಾವಳಿಗೂ ಅದರ ಮುಂದಕ್ಕೂ. ಹಾಗೆ ಉಳಿಯಲಿ ಎಂದು ಅವಳಿಗೆ ಆಸೆಯಾಯಿತು. ಬಹಳ ಆಸೆಯಾಯಿತು.

“ಗೌಡ್ರ,” ಎಂದು ಎದ್ದು ನಿಂತಳು. “ಅಕಿ ಸುಳ್ಳು ಹೇಳಿಲ್ಲ. ನಿನ್ನಿ ಹೊಳಿ ಖರೇನ ಹೊಳ್ಳಿತ್ತು. ಮುಂದ ಹೋಗೂ ಹೊಳಿ ಹಿಂದ ಬಂದ್ರ ಅದಕ್ಕ ಹೊಳ್ಳಿತು ಅನ್ನದ ಏನಂತೀರಿ? ಮಾತು ನಮ್ಮದು, ಅರ್ಥ ಅಕೀದು ಸರಿ ಐತಿ. ಅಕಿ ತನ್ನೂರ ಮಾತಿನಾಗ ಹೇಳಿದ್ರ ನನಗ ಅಲ್ಲೇ ತಿಳೀತಿತ್ತು. ಆ ಮಾತು ಅಕಿ ಬಾಯಾಗಿಂದ ಕಸಗೊಂಡಾಕಿ ನಾನು. ನಕ್ಕವರು ನೀವು.”

ಗುಡ್ಡವ್ವ ಸೆರಗು ಸರಿಪಡಿಸಿಕೊಂಡಳು.

“ಇನ್ನೊಂದು. ಈ ಮನ್ಯಾಗ ಗಳಾ ಹಿಡಿಯೋರು ಯಾರದಾರ ಅಂತ ಕೇಳಿದ್ರಿ. ನಾ ಯಾರೂ ಇಲ್ಲಂತ ಹೇಳಿದ್ದೆ. ಅದು ಸುಳ್ಳು.”

ಗಳವನ್ನು ಸೊಸೆಯ ಕೈಗೆ ಕೊಟ್ಟಳು. ಕೊಟ್ಟವಳೇ ಯಾರ ಒಪ್ಪಿಗೆಗೂ ಕಾಯದೆ ಹರಿಗೋಲು ಹತ್ತಿ ಮಂದಿ ಕೂಡುವ ಜಾಗದಲ್ಲಿ ಕೂತಳು. “ನೋಡ್ಕೋತ ಯಾಕ ನಿಂತೀರಿ? ಕಳಿ ತಾನ ಎದ್ದು ಬರತೈತೇನು? ಹತ್ರಿ!” ಎಂದಳು. ಪ್ರಭುಲಿಂಗಪ್ಪ ಒಂದು ಗಳಿಗೆ ಹಿಂದೆ ಮುಂದೆ ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ತಾನೇ ಮೊದಲು ಹತ್ತಿದ. ಗುಡ್ಡವ್ವ ಹತ್ತಿದಳು. ಉಳಿದವರೂ ಹತ್ತಿದರು.

ನಿರ್ಮಲಾ ಗಳ ಊರಿದಳು. ನಡುಹೊಳೆ ಬಂತು. ದಿಣ್ಣೆಯ ನೆತ್ತಿ ಹತ್ತಿರವಾಗುತ್ತಿತ್ತು, ನೀರಿನ ಮೇಲಿನ ಸುಳಿ ಹೊಳಿಯವ್ವನಿಗೆ ಕಾಣುತ್ತಿತ್ತು, ಸೊಸೆ ಇನ್ನೂ ತಿರುಗಿಸಿರಲಿಲ್ಲ.

“ಎಡಕ್ಕ! ಎಡಕ್ಕ ತಗೋ!”

“ಅತ್ತೀ, ಸುಮ್ಮನ ಕುಂದ್ರಿ,” ಎಂದಳು ನಿರ್ಮಲಾ. ಕಣ್ಣು ನೀರಿನ ಮೇಲೆಯೇ ಇತ್ತು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹೊಳಿಯವ್ವ ಎರಡೂ ಕೈಯಿಂದ ಹರಿಗೋಲಿನ ಅಂಚು ಹಿಡಿದುಕೊಂಡಳು. ಅಂಚು ಇಷ್ಟು ನಡುಗುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ತಾನು ಇಷ್ಟು ವರ್ಷ ದಾಟಿಸಿದ ಮಂದಿಗೆಲ್ಲ ಇಲ್ಲಿ ಕೂತಾಗ ಹೀಗೇ ಅಂಜಿಕೆಯಾಗುತ್ತಿತ್ತೇನು, ಆದರೂ ಒಬ್ಬರೂ ಬಾಯಿ ಬಿಟ್ಟು ಹೇಳದೆ ದಿನಾ ಹತ್ತುತ್ತಿದ್ದರಲ್ಲ ಎಂದುಕೊಂಡಳು. ಹರಿಗೋಲು ನೆತ್ತಿಯ ಪಕ್ಕಕ್ಕೆ ಸರಿಯಿತು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಆ ದಂಡೆ ಮುಟ್ಟುವವರೆಗೂ ಸುಮ್ಮನೆ ಕೂತಳು.